ಒಂದು ಕಾರ್ಡ್ ಕಲಿಯಲು ಬಸ್ ಹತ್ತಿದ ಹುಡುಗರು

ಇಂಗ್ಲೆಂಡಿನ ಲಿವರ್‌ಪೂಲ್ ಒಂದು ಬಂದರು ನಗರ. 1950ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಶಾಲಾ ಹುಡುಗರ ಕಿವಿಗೆ ಒಂದು ಸುದ್ದಿ ಬಿತ್ತು. ಊರಿನ ಇನ್ನೊಂದು ಮೂಲೆಯಲ್ಲಿರುವ ಒಬ್ಬನಿಗೆ ಗಿಟಾರ್‌ನಲ್ಲಿ ‘ಬಿ ಸೆವೆನ್’ ಎಂಬ ಕಾರ್ಡ್ ಹಿಡಿಯಲು ಬರುತ್ತದಂತೆ! ಅಷ್ಟೇ ಸಾಕಾಯಿತು. ಬಸ್ ಹತ್ತಿ ಹೋದರು, ಅವನ ಮುಂದೆ ಕುಳಿತರು, ಬೆರಳು ಎಲ್ಲೆಲ್ಲಿ ಇಡಬೇಕೆಂದು ನೋಡಿಕೊಂಡರು, ಮನೆಗೆ ವಾಪಸ್ ಬಂದರು.

ಇಲ್ಲಿ ಕಾರ್ಡ್ ಅಂದರೆ ಎಟಿಎಂ ಕಾರ್ಡ್ ಅಲ್ಲ, ರೇಷನ್ ಕಾರ್ಡೂ ಅಲ್ಲ. ಗಿಟಾರ್‌ಗೆ ಆರು ತಂತಿ. ಅವುಗಳಲ್ಲಿ ಕೆಲವನ್ನು ಬೆರಳಿನಿಂದ ಒತ್ತಿ ಹಿಡಿದು ಒಟ್ಟಿಗೆ ಮೀಟಿದರೆ ಒಂದಕ್ಕೊಂದು ಹೊಂದುವ ಹಲವು ಸ್ವರಗಳು ಒಮ್ಮೆಗೇ ಕೇಳುತ್ತವೆ. ಆ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. ಆಗಿನ ಜನಪ್ರಿಯ ಇಂಗ್ಲಿಷ್ ಹಾಡುಗಳಲ್ಲಿ ಎಷ್ಟನ್ನೋ ಮೂರೇ ಕಾರ್ಡ್‌ಗಳಲ್ಲಿ ನುಡಿಸಬಹುದಿತ್ತು. ‘ಇ’ ಮತ್ತು ‘ಎ’ ಎಂಬ ಎರಡು ಈ ಹುಡುಗರಿಗೆ ಗೊತ್ತಿದ್ದವು. ಅವುಗಳ ಜೊತೆಗಾರ ಮೂರನೆಯದೇ ಬಿ ಸೆವೆನ್. ಅದಕ್ಕೆ ನಾಲ್ಕು ಬೆರಳು ಬೇಕು. ಅದಿಲ್ಲದಿದ್ದರೆ ಹಾಡು ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಬಸ್ ಹತ್ತಿದವರಲ್ಲಿ ಒಬ್ಬನ ಹೆಸರು ಪಾಲ್ ಮೆಕಾರ್ಟ್ನಿ. ಮುಂದೆ ‘ಬೀಟಲ್ಸ್’ ತಂಡದಿಂದ ಲೋಕಪ್ರಸಿದ್ಧನಾದ ಅದೇ ಪಾಲ್. ಈ ಪ್ರಸಂಗವನ್ನು ಅವರು ದೊಡ್ಡವರಾದ ಮೇಲೆ ಎಷ್ಟೋ ಸಲ ನೆನೆದಿದ್ದಾರೆ. ಪ್ರಸಿದ್ಧಿಯ ಕಥೆ ಬಹಳ ಜನರಿಗೆ ಗೊತ್ತು. ಇಲ್ಲಿ ಹೇಳಬೇಕಿರುವುದು ಅದಕ್ಕೂ ಹಿಂದಿನದು. ದುಡ್ಡಿಲ್ಲದ, ಗುರುಗಳಿಲ್ಲದ ಒಂದು ತಲೆಮಾರು ಗಿಟಾರ್ ಕಲಿತದ್ದು ಹೇಗೆ?

ಉತ್ತರ ಸರಳ. ಮೂರು ಕಾರ್ಡ್ ಬಲ್ಲವನು ಎರಡು ಬಲ್ಲವನಿಗೆ ಹೇಳಿಕೊಟ್ಟ. ಎರಡು ಬಲ್ಲವನು ಏನೂ ಬಾರದವನಿಗೆ ಹೇಳಿಕೊಟ್ಟ.

ಚಹಾ ಪೆಟ್ಟಿಗೆಯ ಸಂಗೀತ

ಎರಡನೇ ಮಹಾಯುದ್ಧ ಗೆದ್ದರೂ ಬ್ರಿಟನ್ ಸೊರಗಿತ್ತು. ಆಹಾರದ ರೇಷನ್ ಪದ್ಧತಿ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಡಾಲರ್ ಉಳಿಸಲೆಂದು ಅಮೆರಿಕದ ವಾದ್ಯಗಳ ಆಮದಿಗೆ 1951ರಿಂದ 1959ರವರೆಗೆ ನಿರ್ಬಂಧವಿತ್ತು. ಒಳ್ಳೆಯ ಗಿಟಾರ್ ಅಂಗಡಿಯಲ್ಲೇ ಅಪರೂಪ. ಹಾಲೆಂಡ್, ಜರ್ಮನಿ ಕಡೆಯಿಂದ ಬರುತ್ತಿದ್ದ ಅಗ್ಗದ ವಾದ್ಯಗಳೇ ಗತಿ.

ಇಂಥ ಹೊತ್ತಿನಲ್ಲಿ ಲೋನಿ ಡೊನೆಗನ್ ಬಂದರು. ಕ್ರಿಸ್ ಬಾರ್ಬರ್ ಎಂಬುವರ ಜಾಝ್ ತಂಡದಲ್ಲಿ ಅವರು ಬ್ಯಾಂಜೋ ನುಡಿಸುತ್ತಿದ್ದರು. ಕಾರ್ಯಕ್ರಮದ ನಡುವೆ ಊದುವ ವಾದ್ಯದವರು ದಣಿವಾರಿಸಿಕೊಳ್ಳುವಾಗ ಡೊನೆಗನ್ ಗಿಟಾರ್ ಹಿಡಿದು ಅಮೆರಿಕದ ಹಳೆಯ ಜನಪದ ಹಾಡುಗಳನ್ನು ಹಾಡುತ್ತಿದ್ದರು. ‘ರಾಕ್ ಐಲೆಂಡ್ ಲೈನ್’ ಅವುಗಳಲ್ಲೊಂದು. ಇದು ಮೂಲದಲ್ಲಿ ರೈಲಿನ ಹಾಡು. 1934ರಲ್ಲಿ ಜಾನ್ ಲೊಮ್ಯಾಕ್ಸ್ ಎಂಬ ಸಂಗ್ರಾಹಕರು ಅರ್ಕಾನ್ಸಾ ರಾಜ್ಯದ ಜೈಲಿನಲ್ಲಿ ಕಪ್ಪು ಕೈದಿಗಳ ಬಾಯಿಂದ ಇದನ್ನು ದಾಖಲಿಸಿಕೊಂಡರು. ಅವರ ಜೊತೆಗಿದ್ದ ಲೆಡ್ ಬೆಲ್ಲಿ ಎಂಬ ಗಾಯಕ ಅದನ್ನು ಕಲಿತು ಊರೂರಿಗೆ ಮುಟ್ಟಿಸಿದರು. ಇಲ್ಲಿಯೂ ನೋಡಿ, ಹಾಡು ದಾಟಿದ್ದು ಬಾಯಿಂದ ಬಾಯಿಗೆ.

ಡೊನೆಗನ್ 1954ರಲ್ಲಿ ಹಾಡಿದ್ದ ಈ ಹಾಡು 1955ರ ಕೊನೆಯಲ್ಲಿ ಬಿಡಿ ತಟ್ಟೆಯಾಗಿ ಹೊರಬಂತು. 1956ರ ಹೊತ್ತಿಗೆ ಬ್ರಿಟನ್ನಿನ ಹುಡುಗರಿಗೆ ಹುಚ್ಚು ಹಿಡಿಸಿತು. ಈ ಬಗೆಯ ಹಾಡಿಕೆಗೆ ‘ಸ್ಕಿಫಲ್’ ಎಂದು ಹೆಸರು. ಕೇಳಿದವರಿಗೆ ‘ಅಬ್ಬಾ, ಎಂಥ ಪಾಂಡಿತ್ಯ’ ಎನಿಸಲಿಲ್ಲ. ‘ಇದನ್ನು ನಾನೂ ಮಾಡಬಹುದಲ್ಲ’ ಎನಿಸಿತು. ಸ್ಕಿಫಲ್‌ನ ದೊಡ್ಡ ಗುಣ ಇದೇ.

ಮಾಡಲು ಬೇಕಿದ್ದುದಾದರೂ ಏನು? ಒಂದು ಅಗ್ಗದ ಗಿಟಾರ್. ಅಮ್ಮ ಬಟ್ಟೆ ಉಜ್ಜುವ ತಗಡಿನ ಏಣುಹಲಗೆ. ಬೆರಳಿಗೆ ದರ್ಜಿಯ ಬೆರಳುಟೋಪಿ ಹಾಕಿಕೊಂಡು ಆ ಹಲಗೆಯನ್ನು ಗೀರಿದರೆ ತಾಳ. ಇನ್ನೊಂದು ವಾದ್ಯ ಚಹಾ ಪೆಟ್ಟಿಗೆ. ಭಾರತ, ಸಿಲೋನ್‌ಗಳಿಂದ ಇಂಗ್ಲೆಂಡಿಗೆ ಚಹಾ ಹೋಗುತ್ತಿದ್ದುದು ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆಗಳಲ್ಲಿ. ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕಸಬರಿಗೆಯ ಕೋಲು ನಿಲ್ಲಿಸಿ, ಎರಡಕ್ಕೂ ಒಂದು ಹುರಿ ಕಟ್ಟುತ್ತಿದ್ದರು. ಕೋಲನ್ನು ಹಿಂದೆ ಎಳೆದರೆ ಹುರಿ ಬಿಗಿಯಾಗಿ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಅಸ್ಸಾಮಿನ ತೋಟದ ಚಹಾ ಹೊತ್ತು ಹೋದ ಪೆಟ್ಟಿಗೆ ಹೀಗೆ ಲಿವರ್‌ಪೂಲಿನ ಬೀದಿಯಲ್ಲಿ ವಾದ್ಯವಾಗುತ್ತಿತ್ತು. ಜೋಗತಿಯರ ಚೌಡಿಕೆ ನೋಡಿದ ನಮಗೆ ಇದು ತೀರಾ ಹೊಸದೇನಲ್ಲ. ಒಂದು ಟೊಳ್ಳು, ಒಂದು ತಂತಿ, ಅಷ್ಟರಲ್ಲೇ ಸಂಗೀತ.

ಅಮ್ಮ ಕಲಿಸಿದ ಅರ್ಧ ಗಿಟಾರ್

ಜಾನ್ ಲೆನನ್ ಲಿವರ್‌ಪೂಲಿನ ಕ್ವಾರಿ ಬ್ಯಾಂಕ್ ಶಾಲೆಯ ಹುಡುಗ. ಸಾಕಿದವರು ದೊಡ್ಡಮ್ಮ ಮಿಮಿ. ಹೆತ್ತ ತಾಯಿ ಜೂಲಿಯಾ ಅದೇ ಊರಿನಲ್ಲಿ ಬೇರೆ ಮನೆಯಲ್ಲಿದ್ದರು. 1956ರಲ್ಲಿ ಅವನು ಸಹಪಾಠಿಗಳನ್ನು ಕಟ್ಟಿಕೊಂಡು ‘ಕ್ವಾರಿಮೆನ್’ ಎಂಬ ಸ್ಕಿಫಲ್ ತಂಡ ಮಾಡಿದ. ಗೆಳೆಯ ಪೀಟ್ ಶಾಟನ್‌ಗೆ ಸಂಗೀತ ಬಾರದು. ಆದರೂ ಗೆಳೆಯನನ್ನು ಬಿಡಲಾದೀತೇ? ಅವನ ಕೈಗೆ ಬಟ್ಟೆ ಉಜ್ಜುವ ಹಲಗೆ ಕೊಟ್ಟರು.

ಜಾನ್ ಮತ್ತು ಎರಿಕ್ ಗ್ರಿಫಿತ್ಸ್ ಎಂಬ ಗೆಳೆಯ ಒಬ್ಬ ಶಿಕ್ಷಕರ ಬಳಿ ಗಿಟಾರ್ ಪಾಠಕ್ಕೂ ಹೋದರು. ಹಾಡು ಕಲಿಯಲು ಹೋದವರಿಗೆ ಶಾಸ್ತ್ರದ ಪಾಠ ಹಿಡಿಸಲಿಲ್ಲ. ಬೇಗನೆ ಬಿಟ್ಟರು. ಆಗ ನೆರವಿಗೆ ಬಂದವರು ಜೂಲಿಯಾ. ಅವರಿಗೆ ಬ್ಯಾಂಜೋ ಬರುತ್ತಿತ್ತು, ಗಿಟಾರ್ ಬರುತ್ತಿರಲಿಲ್ಲ. ಗಿಟಾರ್‌ನ ನಾಲ್ಕು ತಂತಿಗಳನ್ನು ಬ್ಯಾಂಜೋದಂತೆ ಶ್ರುತಿ ಮಾಡಿಕೊಟ್ಟು, ತಮಗೆ ಗೊತ್ತಿದ್ದ ಬ್ಯಾಂಜೋ ಕಾರ್ಡ್‌ಗಳನ್ನೇ ಹೇಳಿಕೊಟ್ಟರು. ಜಾನ್ ಕೈಯಲ್ಲಿದ್ದುದು ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ‘ಗ್ಯಾಲೊಟೋನ್ ಚಾಂಪಿಯನ್’ ಎಂಬ ಅಗ್ಗದ ಗಿಟಾರ್. ಅಂಚೆಯಲ್ಲಿ ತರಿಸಿದ್ದು. ಮರ ಸೀಳುವುದಿಲ್ಲ ಎಂಬ ಗ್ಯಾರಂಟಿ ಚೀಟಿ ಅದರೊಳಗೆ ಅಂಟಿಸಿತ್ತು.

ಗಿಟಾರ್ ಹವ್ಯಾಸಕ್ಕೆ ಸರಿ, ಹೊಟ್ಟೆ ತುಂಬಿಸುವುದಿಲ್ಲ ಎಂಬುದು ದೊಡ್ಡಮ್ಮ ಮಿಮಿಯ ಮಾತು. ಈ ಮಾತು ಯಾವ ಊರಿನಲ್ಲಿ ಕೇಳಿಲ್ಲ ಹೇಳಿ! ಮನೆಯೊಳಗೆ ಗಲಾಟೆ ಬೇಡವೆಂದು ಅವನನ್ನು ಮುಂಬಾಗಿಲ ಪಡಸಾಲೆಗೆ ಕಳಿಸುತ್ತಿದ್ದರು.

ಚರ್ಚ್ ಜಾತ್ರೆಯ ದಿನ

1957ರ ಜುಲೈ 6. ಲಿವರ್‌ಪೂಲಿನ ವುಲ್ಟನ್ ಬಡಾವಣೆಯ ಸೇಂಟ್ ಪೀಟರ್ಸ್ ಚರ್ಚಿನ ವಾರ್ಷಿಕ ಸಂಭ್ರಮ. ನಮ್ಮ ಸಣ್ಣ ಜಾತ್ರೆಯ ಹಾಗೆ. ಲಾರಿಗಳ ಮೆರವಣಿಗೆ, ತಿಂಡಿ ಅಂಗಡಿ, ಮಕ್ಕಳ ಆಟ. ಕ್ವಾರಿಮೆನ್ ಹುಡುಗರು ಮೆರವಣಿಗೆಯಲ್ಲಿ ಲಾರಿಯ ಮೇಲೆ ಕುಳಿತು ಬಂದರು, ಮಧ್ಯಾಹ್ನ ಮೈದಾನದಲ್ಲಿ ಹಾಡಿದರು.

ಸಂಜೆಯ ಕಾರ್ಯಕ್ರಮಕ್ಕೆ ಮುನ್ನ ಐವನ್ ವಾನ್ ಎಂಬ ಗೆಳೆಯ ಇನ್ನೊಬ್ಬ ಹುಡುಗನನ್ನು ಕರೆತಂದು ಪರಿಚಯಿಸಿದ. ಅವನೇ 15 ವರ್ಷದ ಪಾಲ್. ಅಪ್ಪ ಕೊಡಿಸಿದ್ದ ತುತ್ತೂರಿಯನ್ನು ಅಂಗಡಿಗೆ ಕೊಟ್ಟು ಗಿಟಾರ್ ತಂದಿದ್ದವನು. ತುತ್ತೂರಿ ಊದುತ್ತ ಹಾಡಲು ಆಗುವುದಿಲ್ಲವಲ್ಲ! ಪಾಲ್ ಎಡಗೈಯವನು, ಗಿಟಾರ್ ಬಲಗೈಯವರದ್ದು. ಎಡಗೈಯಲ್ಲಿ ನುಡಿಸುವ ಸ್ಲಿಮ್ ವಿಟ್ಮನ್ ಎಂಬ ಗಾಯಕನ ಚಿತ್ರ ನೋಡಿದ ಮೇಲೆ ಅವನಿಗೆ ದಾರಿ ಹೊಳೆಯಿತು. ತಂತಿಗಳನ್ನು ತಿರುಗಮುರುಗ ಕಟ್ಟಿಕೊಂಡು ಕಲಿತ.

ಆ ಸಂಜೆ ಪಾಲ್ ‘ಟ್ವೆಂಟಿ ಫ್ಲೈಟ್ ರಾಕ್’ ಎಂಬ ಹಾಡನ್ನು ಪೂರ್ತಿ ಹಾಡಿ ನುಡಿಸಿದ. ಗಿಟಾರ್‌ನ ಆರೂ ತಂತಿ ಶ್ರುತಿ ಮಾಡಿಯೂ ತೋರಿಸಿದ. ಬ್ಯಾಂಜೋ ಶ್ರುತಿಯಲ್ಲಿ ನಾಲ್ಕೇ ತಂತಿ ಬಳಸುತ್ತಿದ್ದ ಜಾನ್‌ಗೆ ಇದು ದೊಡ್ಡ ವಿದ್ಯೆ.

ಜಾನ್ ಆಗ 16ರ ಹುಡುಗ, ತಂಡದ ಯಜಮಾನ. ತನಗಿಂತ ಚೆನ್ನಾಗಿ ಬಲ್ಲವನನ್ನು ಸೇರಿಸಿಕೊಂಡರೆ ತಂಡ ಗಟ್ಟಿಯಾಗುತ್ತದೆ, ತನ್ನ ಯಜಮಾನಿಕೆ ಸಡಿಲವಾಗುತ್ತದೆ. ಈ ತೂಗಾಟವನ್ನು ಜಾನ್ ಮುಂದೆ ಸ್ವತಃ ಹೇಳಿಕೊಂಡಿದ್ದಾರೆ. ಊರಿನ ನಾಟಕ ಮಂಡಳಿ, ಭಜನಾ ಮಂಡಳಿ ಕಟ್ಟಿದವರಿಗೆಲ್ಲ ಈ ತೂಗಾಟ ಗೊತ್ತು. ಎಷ್ಟೋ ತಂಡ ಮುರಿಯುವುದು ಇಲ್ಲೇ. ಜಾನ್ ತಂಡವನ್ನು ಆರಿಸಿಕೊಂಡ. ಪಾಲ್‌ಗೆ ಕರೆ ಹೋಯಿತು.

ಪಾಲ್‌ನ ತಾಯಿ 1956ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು. 1958ರ ಜುಲೈನಲ್ಲಿ ಜೂಲಿಯಾ ರಸ್ತೆ ದಾಟುವಾಗ ಕಾರು ಬಡಿದು ಸತ್ತರು. ತಾಯಿ ಇಲ್ಲದ ಇಬ್ಬರು ಹುಡುಗರು ಎದುರುಬದುರು ಕುಳಿತು ಗಿಟಾರ್ ನುಡಿಸುತ್ತಿದ್ದರು. ಒಬ್ಬ ಬಲಗೈಯವ, ಇನ್ನೊಬ್ಬ ಎಡಗೈಯವ. ಒಬ್ಬನಿಗೆ ಇನ್ನೊಬ್ಬನ ಬೆರಳು ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಹೇಳಿಕೊಳ್ಳಲಾಗದ ದುಃಖವಿದ್ದ ಮಕ್ಕಳಿಗೆ ಜೊತೆಗೆ ಮಾಡಲು ಒಂದು ಕೆಲಸವಿತ್ತು. ಹವ್ಯಾಸದ ಬೆಲೆಯನ್ನು ದುಡ್ಡಿನಲ್ಲಿ ಅಳೆಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯವನು ಜಾರ್ಜ್ ಹ್ಯಾರಿಸನ್. ಬಸ್ ಚಾಲಕರ ಮಗ. ಶಾಲೆಗೆ ಹೋಗುವ ಬಸ್ಸಿನಲ್ಲಿ ಪಾಲ್‌ನ ಪರಿಚಯ. ಅವನ ಮೊದಲ ಗಿಟಾರ್ ಇನ್ನೊಬ್ಬ ಹುಡುಗನಿಂದ ಕೊಂಡ ಹಳೆಯದು. ಕುತೂಹಲಕ್ಕೆ ಅದರ ಕತ್ತಿನ ತಿರುಪು ಬಿಚ್ಚಿ, ಜೋಡಿಸಲಾಗದೆ ಬಚ್ಚಿಟ್ಟಿದ್ದ. ಅಣ್ಣ ಸರಿಮಾಡಿಕೊಟ್ಟ. 1958ರಲ್ಲಿ ಅವನು ಜಾನ್ ಮುಂದೆ ‘ರಾಂಚಿ’ ಎಂಬ ವಾದ್ಯಗೀತೆ ನುಡಿಸಿ ತೋರಿಸಿದ್ದೂ ಬಸ್ಸಿನ ಮಹಡಿಯ ಮೇಲೆಯೇ.

ಲಂಡನ್ನಿನಲ್ಲೂ ಹೀಗೆಯೇ

ಇದು ಒಂದು ಊರಿನ ಮಾತಲ್ಲ. ಲಂಡನ್ ಬಳಿಯ ಎಪ್ಸಮ್‌ನಲ್ಲಿ ಜಿಮ್ಮಿ ಪೇಜ್ ಎಂಬ ಹುಡುಗನ ಕುಟುಂಬ ಹೊಸ ಮನೆಗೆ ಬಂದಾಗ ಅಲ್ಲಿ ಹಿಂದಿನವರು ಬಿಟ್ಟುಹೋದ ಗಿಟಾರ್ ಬಿದ್ದಿತ್ತು. ಶಾಲೆಯ ಗೆಳೆಯನೊಬ್ಬ ಶ್ರುತಿ ಮಾಡಿ ಒಂದಷ್ಟು ಕಾರ್ಡ್ ತೋರಿಸಿದ. ಮುಂದೆ ಆ ಹುಡುಗ ‘ಲೆಡ್ ಝೆಪ್ಲಿನ್’ ತಂಡದ ಗಿಟಾರ್ ವಾದಕನಾದ. 1963ರಲ್ಲಿ ಬ್ರಿಯಾನ್ ಮೇ ಎಂಬ ಹುಡುಗನಿಗೆ ಒಳ್ಳೆಯ ಗಿಟಾರ್ ಕೊಳ್ಳುವ ಶಕ್ತಿ ಇರಲಿಲ್ಲ. ಅಪ್ಪ-ಮಗ ಸೇರಿ ಹಳೆಯ ಒಲೆಗೂಡಿನ ಮರ, ಮೋಟರ್‌ಸೈಕಲ್ಲಿನ ಸ್ಪ್ರಿಂಗ್, ಗುಂಡಿಗಳನ್ನು ಬಳಸಿ ಎರಡು ವರ್ಷದಲ್ಲಿ ಗಿಟಾರ್ ಮಾಡಿದರು. ‘ಕ್ವೀನ್’ ತಂಡದಲ್ಲಿ ಅವರು ಮುಖ್ಯವಾಗಿ ನುಡಿಸುತ್ತ ಬಂದದ್ದು ಅದನ್ನೇ.

ಪುಸ್ತಕವೂ ಬಂತು. ಬರ್ಟ್ ವೀಡನ್ 1957ರಲ್ಲಿ ಬರೆದ ‘ಪ್ಲೇ ಇನ್ ಎ ಡೇ’, ಅಂದರೆ ಒಂದೇ ದಿನದಲ್ಲಿ ಗಿಟಾರ್. ಒಂದು ದಿನದಲ್ಲಿ ಯಾರಿಗೂ ಬರಲಿಲ್ಲ. ಆದರೆ ಲಕ್ಷಾಂತರ ಪ್ರತಿ ಮಾರಾಟವಾಯಿತು.

ಗೆಳೆಯನ ಮಿತಿ, ಗುರುವಿನ ಜಾಗ

ಗೆಳೆಯರಿಂದಲೇ ಎಲ್ಲವೂ ಬರುತ್ತದೆ ಎಂದರೆ ಅತಿಯಾದೀತು. 1966ರಲ್ಲಿ, ಜಗತ್ತೇ ಗುರುತಿಸುವ ಹೊತ್ತಿನಲ್ಲಿ, ಜಾರ್ಜ್ ಹ್ಯಾರಿಸನ್ ಭಾರತಕ್ಕೆ ಬಂದು ಪಂಡಿತ್ ರವಿಶಂಕರ್ ಅವರ ಬಳಿ ಸಿತಾರ್ ಕಲಿಯಲು ಕುಳಿತರು. ಹೇಗೆ ಕೂರಬೇಕು, ವಾದ್ಯ ಹೇಗೆ ಹಿಡಿಯಬೇಕು ಎಂಬಲ್ಲಿಂದ ಪಾಠ. ರವಿಶಂಕರ್ ಸ್ವತಃ ಮೈಹರ್‌ನಲ್ಲಿ ಅಲ್ಲಾವುದ್ದೀನ್ ಖಾನ್ ಅವರ ಬಳಿ ವರ್ಷಗಟ್ಟಲೆ ಕಲಿತವರು. ಸಿತಾರ್‌ಗೆ ಬೇಕಾದ ಅಷ್ಟು ವರ್ಷಗಳ ಸಾಧನೆ ತನ್ನಿಂದಾಗದು ಎಂದರಿತ ಜಾರ್ಜ್ ಮತ್ತೆ ಗಿಟಾರ್‌ಗೆ ಮರಳಿದರು. ಗುರುವಿನ ಮೇಲಿನ ಗೌರವ, ಗೆಳೆತನ ಕೊನೆಯವರೆಗೆ ಉಳಿಯಿತು. ಗೆಳೆಯ ಬಾಗಿಲವರೆಗೆ ಕರೆದೊಯ್ಯುತ್ತಾನೆ. ಒಳಮನೆ ನೋಡಬೇಕೆಂದರೆ ಗುರು ಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬಾಗಿಲವರೆಗೆ ಹೋಗದವನಿಗೆ ಒಳಮನೆಯ ಆಸೆಯಾದರೂ ಎಲ್ಲಿಂದ ಹುಟ್ಟೀತು?

ಈಗ ನಮ್ಮ ಹಳ್ಳಿಗಳ ಮಾತು. ವರದಿಗೆಂದು ತಿರುಗುವ ಊರುಗಳಲ್ಲಿ ಗೋಡೆಗೆ ನೇತುಹಾಕಿದ ಗಿಟಾರ್ ಅಲ್ಲಲ್ಲಿ ಕಾಣುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ್ದು, ಮೊಬೈಲ್ ವಿಡಿಯೋ ನೋಡಿ ಒಂದೆರಡು ತಿಂಗಳು ಕಲಿತದ್ದು, ಆಮೇಲೆ ಧೂಳು. ವಿಡಿಯೋದಲ್ಲಿ ಬಿ ಸೆವೆನ್ ಅಷ್ಟೇ ಏಕೆ, ಎಲ್ಲ ಕಾರ್ಡ್‌ಗಳೂ ಇವೆ. ಬಸ್ ಹತ್ತುವ ಅಗತ್ಯವೇ ಇಲ್ಲ. ಆದರೆ ನಿಮ್ಮ ಉಂಗುರಬೆರಳು ಪಕ್ಕದ ತಂತಿಗೆ ತಾಗುತ್ತಿದೆ ಎಂದು ವಿಡಿಯೋ ಹೇಳುವುದಿಲ್ಲ. ಬೆರಳ ತುದಿ ಉರಿದು ಬಿಟ್ಟುಬಿಡೋಣ ಎನಿಸಿದ ದಿನ ‘ನಾಳೆ ಬಾರೋ’ ಎಂದು ಕರೆಯುವುದೂ ಇಲ್ಲ.

ಶನಿವಾರ ರಾತ್ರಿಯ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದವರನ್ನು ಕೇಳಿ ನೋಡಿ, ಯಾರಿಂದ ಕಲಿತಿರಿ ಎಂದು. ಹೆಚ್ಚಿನವರು ಪಕ್ಕದಲ್ಲಿ ಕುಳಿತು ನೋಡಿದ ಒಬ್ಬರ ಹೆಸರು ಹೇಳುತ್ತಾರೆ. ಈ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಗಿಟಾರ್ ಹಿಡಿದ ಹುಡುಗ, ಹುಡುಗಿಯರನ್ನೂ ಅದೇ ಕಟ್ಟೆಯ ಮೇಲೆ ಕೂರಿಸಿಕೊಂಡರೆ ಆಯಿತು. ಮೂರು ಜನಕ್ಕೆ ಒಂದೇ ವಾದ್ಯವಿದ್ದರೂ ನಡೆಯುತ್ತದೆ. ಒಬ್ಬ ನುಡಿಸಲಿ, ಒಬ್ಬ ಹಾಡಲಿ, ಮತ್ತೊಬ್ಬ ಡಬ್ಬ ಬಡಿಯಲಿ.

ಸ್ಕಿಫಲ್ ಹುಚ್ಚು 1958ರ ಹೊತ್ತಿಗೆ ಇಳಿಯಿತು. ಬಹುಪಾಲು ಹುಡುಗರು ಗಿಟಾರ್ ಬದಿಗಿಟ್ಟು ಕೆಲಸಕ್ಕೆ ಸೇರಿದರು. ಕ್ವಾರಿಮೆನ್ ತಂಡದ ಡ್ರಮ್ ವಾದಕ ಕಾಲಿನ್ ಹ್ಯಾಂಟನ್ ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸುವ ಕಸುಬಿನವರು. ಅವರು ಬೀಟಲ್ ಆಗಲಿಲ್ಲ, ಕೋಟ್ಯಧಿಪತಿ ಆಗಲಿಲ್ಲ. 1997ರಲ್ಲಿ, ಆ ಚರ್ಚ್ ಜಾತ್ರೆಗೆ 40 ವರ್ಷ ತುಂಬಿದಾಗ, ಹಳೆಯ ಗೆಳೆಯರು ವುಲ್ಟನ್‌ನಲ್ಲಿ ಮತ್ತೆ ಸೇರಿ ಹಾಡಿದರು. ಎಲ್ಲರೂ ಐವತ್ತು ದಾಟಿದವರು. ಒಂದು ದಿನದ ನೆನಪಿಗೆ ಎಂದು ಸೇರಿದವರು ಅಲ್ಲಿಗೇ ನಿಲ್ಲಿಸಲಿಲ್ಲ, ಮುಂದೆ ವರ್ಷಾನುಗಟ್ಟಲೆ ಊರೂರು ತಿರುಗಿ ನುಡಿಸಿದರು. ಹಾಡಿದ್ದು ಅವೇ ಹಳೆಯ ಸ್ಕಿಫಲ್ ಹಾಡುಗಳನ್ನು.