ಅರವತ್ತು ನಿಮಿಷದ ಆಟಗಾರ: ಚಕ್ ಬೆಡ್ನಾರಿಕ್ ದಂತಕಥೆಯ ಮರುಪರಿಶೀಲನೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಕುರಿತ ಬರಹಗಳಲ್ಲಿ ಚಕ್ ಬೆಡ್ನಾರಿಕ್ ಅವರ ಹೆಸರು ಒಂದು ಬಿರುದಿಲ್ಲದೆ ಬರುವುದೇ ಅಪರೂಪ: ‘ಅರವತ್ತು ನಿಮಿಷದ ಕೊನೆಯ ಆಟಗಾರ’. ಪಂದ್ಯದ ಅಷ್ಟೂ ಹೊತ್ತು ಮೈದಾನ ಬಿಡದೆ ದಾಳಿಯಲ್ಲೂ ರಕ್ಷಣೆಯಲ್ಲೂ ಆಡಿದವರು ಎಂದು ಅದರ ಅರ್ಥ. ಫಿಲಡೆಲ್ಫಿಯಾ ಈಗಲ್ಸ್ ತಂಡಕ್ಕೆ 1949ರಿಂದ 1962ರವರೆಗೆ ಹದಿನಾಲ್ಕು ಋತು ಆಡಿದ ಅವರ ಅಂಗಿಯ ಸಂಖ್ಯೆಯೂ 60. ದಂತಕಥೆ ಹುಟ್ಟಲು ಇನ್ನೇನು ಬೇಕು? ಆದರೆ ಆ ಕಾಲದ ಆಟದ ನಿಯಮಗಳನ್ನೂ ಅವರ ವೃತ್ತಿಜೀವನದ ವಿವರಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಈ ಬಿರುದಿನಲ್ಲಿರುವುದು ಅರ್ಧ ಸತ್ಯ ಎಂದು ಗೊತ್ತಾಗುತ್ತದೆ. ಬೆಡ್ನಾರಿಕ್ ಹಳೆಯ ಪದ್ಧತಿಯ ಕೊನೆಯ ಕೊಂಡಿಯಲ್ಲ. ಆ ಪದ್ಧತಿ ಮುಗಿದು ಹತ್ತು ವರ್ಷವಾದ ಮೇಲೆ, ತಂಡಕ್ಕೆ ಒದಗಿದ ತುರ್ತಿನಿಂದ, ಅದಕ್ಕೆ ಮರಳಿದವರು ಅವರು.

ಆಟ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್‌ಗೆ ಒಂದು ಹನ್ನೊಂದು, ಫೀಲ್ಡಿಂಗ್‌ಗೆ ಬೇರೆಯೇ ಹನ್ನೊಂದು ಇಳಿದರೆ ಹೇಗಿರುತ್ತದೋ ಇಂದಿನ ಅಮೆರಿಕನ್ ಫುಟ್‌ಬಾಲ್ ಹಾಗಿದೆ. ಚೆಂಡು ತಮ್ಮ ಕೈಯಲ್ಲಿದ್ದಾಗ ಒಂದು ಪಡೆ ಇಳಿಯುತ್ತದೆ, ಎದುರಾಳಿಯ ಕೈಗೆ ಹೋದಾಗ ಇನ್ನೊಂದು. ದಾಳಿಯ ಪಡೆಯ ಮುಂಚೂಣಿಯ ನಟ್ಟನಡುವೆ ನಿಂತು, ಕಾಲುಗಳ ಸಂದಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣ ಎದುರಿನವನನ್ನು ತಡೆಯುವವನು ಸೆಂಟರ್. ರಕ್ಷಣೆಯಲ್ಲಿ ಮುಂಚೂಣಿಯ ಭಾರಿ ಆಳುಗಳ ಬೆನ್ನಿಗೆ ನಿಂತು, ಓಡಿ ಬರುವವನನ್ನು ಕೆಡವುವುದು, ಪಾಸ್ ಬಂದರೆ ಹಿಂದೆ ಸರಿದು ಅದನ್ನು ತಡೆಯುವುದು, ಈ ಎರಡೂ ಕೆಲಸ ಮಾಡುವವನು ಲೈನ್‌ಬ್ಯಾಕರ್. ಮುಂದೆ ನುಗ್ಗಬೇಕೋ ಹಿಂದೆ ಸರಿಯಬೇಕೋ ಎಂಬುದನ್ನು ಅವನು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸಬೇಕು. ಬೆಡ್ನಾರಿಕ್ ಆಡಿದ್ದು ಈ ಎರಡು ಸ್ಥಾನಗಳಲ್ಲಿ.

ಮೊದಲು ನಿಯಮದ ಇತಿಹಾಸ. ಹಿಂದೆ ಆಟಗಾರರನ್ನು ಬೇಕೆಂದಾಗ ಬದಲಿಸುವಂತಿರಲಿಲ್ಲ. ಹಾಗಾಗಿ ಹನ್ನೊಂದು ಮಂದಿಯೇ ದಾಳಿಗೂ ರಕ್ಷಣೆಗೂ ಹೊಣೆಯಾಗಿರುತ್ತಿದ್ದರು. ಎರಡನೇ ಮಹಾಯುದ್ಧ ಆಟಗಾರರನ್ನು ಸೈನ್ಯಕ್ಕೆ ಎಳೆದುಕೊಂಡಾಗ, 1943ರಲ್ಲಿ, ವೃತ್ತಿಪರ ತಂಡಗಳ ಲೀಗ್ ಆದ ಎನ್‌ಎಫ್‌ಎಲ್ ಬದಲಿ ಆಟಗಾರರ ಮೇಲಿನ ಮಿತಿಯನ್ನು ಸಡಿಲಿಸಿತು. ಯುದ್ಧ ಮುಗಿದ ಮೇಲೆ 1946ರಲ್ಲಿ ಮಿತಿ ಮತ್ತೆ ಬಂತು. 1949ರಲ್ಲಿ ಒಂದು ವರ್ಷದ ಪ್ರಯೋಗವೆಂದು ಮುಕ್ತ ಬದಲಾವಣೆಗೆ ಅವಕಾಶ ಕೊಟ್ಟು, 1950ರಲ್ಲಿ ಅದನ್ನೇ ಕಾಯಂ ಮಾಡಿದರು. ಎರಡು ಪಡೆಗಳ ಯುಗ ಅಲ್ಲಿಂದ ಶುರು. ಬೆಡ್ನಾರಿಕ್ ಈಗಲ್ಸ್ ಸೇರಿದ್ದೂ 1949ರಲ್ಲೇ. ಯಾವ ಪದ್ಧತಿಯ ಕೊನೆಯ ಪ್ರತಿನಿಧಿ ಎಂದು ಅವರನ್ನು ಕೊಂಡಾಡುತ್ತೇವೋ ಆ ಪದ್ಧತಿಗೆ ಲೀಗ್ ವಿದಾಯ ಹೇಳಲು ಆರಂಭಿಸಿದ ವರ್ಷವೇ ಅವರ ಮೊದಲ ವರ್ಷ. ಜೀವನಚರಿತ್ರೆಯ ಧಾಟಿಯ ಲೇಖನಗಳು ಈ ಸಂಗತಿಯನ್ನು ಸಾಮಾನ್ಯವಾಗಿ ದಾಟಿ ಮುಂದೆ ಹೋಗಿಬಿಡುತ್ತವೆ.

ಅವರು ಹುಟ್ಟಿದ್ದು 1925ರ ಮೇ 1ರಂದು, ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನಲ್ಲಿ. ತಂದೆತಾಯಿ ಸ್ಲೊವಾಕಿಯಾದಿಂದ ವಲಸೆ ಬಂದವರು. ತಂದೆಗೆ ಬೆತ್ಲೆಹೆಮ್ ಸ್ಟೀಲ್‌ನ ಕುಲುಮೆಯಲ್ಲಿ ಕೆಲಸ. ಹದಿನೆಂಟಕ್ಕೆ ವಾಯುಪಡೆ ಸೇರಿ, ಬಿ-24 ಬಾಂಬರ್ ವಿಮಾನದ ಮಧ್ಯಭಾಗದ ಕಿಟಕಿಯಲ್ಲಿ ಗನ್ನರ್ ಆಗಿ ಜರ್ಮನಿಯ ಮೇಲೆ ಮೂವತ್ತು ದಾಳಿಗಳಲ್ಲಿ ಪಾಲ್ಗೊಂಡು ಜೀವಂತ ಮರಳಿದರು. ಯುದ್ಧದಿಂದ ಬಂದ ಯೋಧರಿಗೆ ಸರ್ಕಾರ ಕೊಟ್ಟ ಶಿಕ್ಷಣ ಸೌಲಭ್ಯದಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿದರು. 1948ರಲ್ಲಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಮ್ಯಾಕ್ಸ್‌ವೆಲ್ ಪ್ರಶಸ್ತಿ ಅವರದಾಯಿತು. ಆಗ ಲೀಗ್‌ನಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಹಕ್ಕನ್ನು ಚೀಟಿ ಎತ್ತಿ ಕೊಡುತ್ತಿದ್ದರು. 1948ರ ಚಾಂಪಿಯನ್ ಆಗಿದ್ದ ಈಗಲ್ಸ್‌ಗೇ ಆ ಚೀಟಿ ಒಲಿಯಿತು, ಅವರು ಬೆಡ್ನಾರಿಕ್ ಅವರನ್ನು ಆರಿಸಿಕೊಂಡರು. ಮೊದಲ ಋತುವಿನಲ್ಲೇ ಅವರ ತಂಡ ಮಳೆಯಲ್ಲಿ ತೊಯ್ದ ಲಾಸ್ ಏಂಜಲೀಸ್ ಮೈದಾನದಲ್ಲಿ ರ‍್ಯಾಮ್ಸ್ ವಿರುದ್ಧ 14–0ರಿಂದ ಗೆದ್ದು ಮತ್ತೆ ಚಾಂಪಿಯನ್ ಆಯಿತು.

ಮರುವರ್ಷ ಒಂದು ಪಾಠ ಕಾದಿತ್ತು. 1950ರ ಸೆಪ್ಟೆಂಬರ್ 16ರಂದು, ಪ್ರತಿಸ್ಪರ್ಧಿ ಲೀಗ್‌ನಿಂದ ಬಂದು ಸೇರಿದ್ದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಫಿಲಡೆಲ್ಫಿಯಾದಲ್ಲೇ ಈಗಲ್ಸ್ ಅನ್ನು 35–10ರಿಂದ ಮಣಿಸಿತು. ಐದು ಜನರ ಮುಂಚೂಣಿ ಕಟ್ಟಿ ಓಟವನ್ನು ತಡೆಯುವ ಈಗಲ್ಸ್ ವ್ಯೂಹ, ಬ್ರೌನ್ಸ್ ತಂಡದ ಅಳತೆಗೋಲಿಟ್ಟಂಥ ಪಾಸ್‌ಗಳ ಮುಂದೆ ನಿಲ್ಲಲಿಲ್ಲ. ಐವತ್ತರ ದಶಕದ ರಕ್ಷಣಾ ತಂತ್ರಗಳೆಲ್ಲ ಒಂದರ್ಥದಲ್ಲಿ ಇಂಥ ಪಾಸ್ ಆಟಕ್ಕೆ ಹುಡುಕಿಕೊಂಡ ಉತ್ತರಗಳೇ. ಮುಂಚೂಣಿಯ ನಡುವಿನ ಆಳು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಓಟವನ್ನೂ ಕಾಣಬಹುದು, ಪಾಸನ್ನೂ ತಡೆಯಬಹುದು. ಷಿಕಾಗೊ ಬೇರ್ಸ್ ತಂಡದ ಬಿಲ್ ಜಾರ್ಜ್ 1954ರಲ್ಲಿ ಹೀಗೆ ಹಿಂದೆ ಸರಿದಿದ್ದೇ ಮಿಡ್ಲ್ ಲೈನ್‌ಬ್ಯಾಕರ್ ಸ್ಥಾನಕ್ಕೆ ಮೂಲ ಎಂಬ ಕಥೆ ಪ್ರಚಲಿತದಲ್ಲಿದೆ. ಆಟದ ತಂತ್ರಗಳಿಗೆ ಒಬ್ಬನೇ ಜನಕ ಇರುವುದು ಕಡಿಮೆ, ಆದ್ದರಿಂದ ಈ ಕಥೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ಟಾಮ್ ಲ್ಯಾಂಡ್ರಿ ಅವರ ವ್ಯೂಹದ ನಡುವೆ ನಿಂತ ಸ್ಯಾಮ್ ಹಫ್, ಡೆಟ್ರಾಯಿಟ್‌ನ ಜೋ ಸ್ಮಿಟ್, ಇವರ ಜೊತೆಗೆ ಬೆಡ್ನಾರಿಕ್: ಲೈನ್‌ಬ್ಯಾಕರ್ ಎಂಬ ಕಸುಬಿಗೆ ರೂಪ ಕೊಟ್ಟ ತಲೆಮಾರು ಇದು.

1950ರಲ್ಲಿ ಬೆಡ್ನಾರಿಕ್ ಅವರನ್ನು ಲೀಗ್‌ನ ಶ್ರೇಷ್ಠರ ಪಟ್ಟಿಗೆ ಸೇರಿಸಿದ್ದು ಸೆಂಟರ್ ಎಂದು; ಮುಂದಿನ ವರ್ಷಗಳಲ್ಲಿ ಲೈನ್‌ಬ್ಯಾಕರ್ ಎಂದು. ಅಂದರೆ ಆ ದಶಕದ ಬಹುಪಾಲು ಅವರು ಕಾಲಕ್ಕೆ ತಕ್ಕಂತೆ ಮುಖ್ಯವಾಗಿ ಒಂದೇ ಕಡೆಯ ತಜ್ಞರಾಗಿದ್ದರು. ಆರಡಿ ಮೂರಂಗುಲ ಎತ್ತರ, 233 ಪೌಂಡ್ ತೂಕ. ಅಂದಿನ ಲೆಕ್ಕಕ್ಕೆ ದೊಡ್ಡ ಆಳು, ಆದರೂ ಹಿಂದೆ ಸರಿದು ಪಾಸ್ ಹಿಡಿಯುವಷ್ಟು ಚುರುಕು. ವೃತ್ತಿಜೀವನದಲ್ಲಿ ಇಪ್ಪತ್ತು ಇಂಟರ್‌ಸೆಪ್ಷನ್ (ಎದುರಾಳಿಯ ಪಾಸನ್ನು ಕಸಿದು ಹಿಡಿಯುವುದು) ಅವರ ಹೆಸರಿನಲ್ಲಿವೆ. ಹದಿನಾಲ್ಕು ಋತುಗಳಲ್ಲಿ ತಪ್ಪಿಸಿಕೊಂಡ ಪಂದ್ಯಗಳು ಮೂರೇ ಮೂರು. ಟ್ಯಾಕಲ್‌ಗಳನ್ನು, ಅಂದರೆ ಚೆಂಡು ಹಿಡಿದವನನ್ನು ಕೆಡವಿದ್ದನ್ನು, ಆಗ ಅಧಿಕೃತವಾಗಿ ಎಣಿಸುತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಕೆಡವುವ ‘ಸ್ಯಾಕ್’ ಅಧಿಕೃತ ಅಂಕಿಅಂಶಗಳಿಗೆ ಸೇರಿದ್ದೇ 1982ರಲ್ಲಿ. ಲೈನ್‌ಬ್ಯಾಕರ್ ದಿನವಿಡೀ ಮಾಡುವ ಕೆಲಸಕ್ಕೇ ಲೆಕ್ಕವಿಲ್ಲದಿದ್ದ ಕಾಲ. ಅಂಕಿ ಇಲ್ಲದ ಕಡೆ ಕಥೆ ತುಂಬಿಕೊಳ್ಳುತ್ತದೆ. ಹಳೆಯ ಲೈನ್‌ಬ್ಯಾಕರ್‌ಗಳ ಇತಿಹಾಸ ಬರೆಯುವವರು ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದ್ದು ಇದು.

ಅಂದಿನ ಟ್ಯಾಕಲ್ ಅಷ್ಟು ಒರಟಾಗಿರಲು ನಿಯಮವೂ ಒಂದು ಕಾರಣ. 1955ರವರೆಗೆ ಚೆಂಡು ಹಿಡಿದವನು ಬಿದ್ದ ಮಾತ್ರಕ್ಕೆ ಆಟ ನಿಲ್ಲುತ್ತಿರಲಿಲ್ಲ. ಅವನು ಎದ್ದು ಮತ್ತೆ ಓಡಬಹುದಿತ್ತು. ಬೀಳಿಸಿದರೆ ಸಾಲದು, ಅದುಮಿ ಹಿಡಿಯಬೇಕು. ಎದುರಾಳಿ ಹಿಡಿದಿರುವಾಗ ಕೈಕಾಲು ಬಿಟ್ಟು ಮೈಯ ಬೇರೆ ಯಾವ ಭಾಗ ನೆಲ ಮುಟ್ಟಿದರೂ ಚೆಂಡು ಸತ್ತಂತೆ ಎಂಬ ನಿಯಮ ಆ ವರ್ಷ ಬಂತು. ಚೆಂಡು ಹಿಡಿದವನ ಮುಖಕವಚ ಹಿಡಿದು ಎಳೆಯುವುದಕ್ಕೆ ನಿಷೇಧ ಬಂದಿದ್ದು 1962ರಲ್ಲಿ, ಬೆಡ್ನಾರಿಕ್ ಆಡಿದ ಕೊನೆಯ ವರ್ಷ.

ಈಗ 1960ಕ್ಕೆ ಬರೋಣ. ಅವರಿಗೆ ಮೂವತ್ತೈದು. ಹಿಂದಿನ ವರ್ಷವೇ ನಿವೃತ್ತಿ ಘೋಷಿಸಿ, ಬೀಳ್ಕೊಡುಗೆಯನ್ನೂ ಪಡೆದು, ಮನಸ್ಸು ಬದಲಿಸಿ ಮರಳಿದ್ದರು. ಐದು ಹೆಣ್ಣುಮಕ್ಕಳ ತಂದೆ. ಆಟದ ಸಂಬಳ ಸಾಲದೆ ಕಾಂಕ್ರೀಟ್ ಮಾರುವ ಕೆಲಸವನ್ನೂ ಮಾಡುತ್ತಿದ್ದವರು. ‘ಕಾಂಕ್ರೀಟ್ ಚಾರ್ಲಿ’ ಎಂಬ ಅಡ್ಡಹೆಸರಿಗೆ ಮೂಲ ಆ ಉದ್ಯೋಗವೇ. ಆ ಋತುವಿಗೆ ಅವರನ್ನು ಸೆಂಟರ್ ಆಗಿಯಷ್ಟೇ ಆಡಿಸುವುದು ತಂಡದ ಯೋಜನೆಯಾಗಿತ್ತು. ಐದನೇ ಪಂದ್ಯದಲ್ಲಿ, ಕ್ಲೀವ್‌ಲ್ಯಾಂಡ್ ವಿರುದ್ಧ, ಲೈನ್‌ಬ್ಯಾಕರ್ ಬಾಬ್ ಪೆಲಗ್ರೀನಿ ಗಾಯಗೊಂಡು ಹೊರಬಂದರು. ಆಗ ಒಂದು ತಂಡದಲ್ಲಿ ನಲವತ್ತಕ್ಕಿಂತ ಕಡಿಮೆ ಆಟಗಾರರು. ಇಂದಿನಂತೆ ಐವತ್ತಮೂರು ಜನರಲ್ಲ. ಕೋಚ್ ಬಕ್ ಷಾ ಕಣ್ಣಿಗೆ ಬಿದ್ದದ್ದು ಬೆಡ್ನಾರಿಕ್. ಪಂದ್ಯವನ್ನು ಈಗಲ್ಸ್ 31–29ರಿಂದ ಗೆದ್ದರು, ಮುದುಕನಿಗೆ ಎರಡು ಉದ್ಯೋಗವಾಯಿತು. ಅರವತ್ತು ನಿಮಿಷದ ದಂತಕಥೆಯ ಹುಟ್ಟು ಇಲ್ಲಿ: ಒಬ್ಬನಿಗಾದ ಗಾಯ, ಸಣ್ಣ ತಂಡ, ಹಳೆಯ ವಿದ್ಯೆ ಮರೆಯದ ಒಬ್ಬ ಆಟಗಾರ.

ನವೆಂಬರ್ 20, ಯಾಂಕೀ ಸ್ಟೇಡಿಯಂ. ನಾಲ್ಕನೇ ಕ್ವಾರ್ಟರ್‌ನ ಕೊನೆಯ ಹಂತ, ಈಗಲ್ಸ್ 17–10ರಿಂದ ಮುಂದಿದ್ದರು. ಜೈಂಟ್ಸ್ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಷಾ ಎಸೆದ ಪಾಸನ್ನು ಫ್ರಾಂಕ್ ಗಿಫರ್ಡ್ ಮೈದಾನದ ಅಡ್ಡಕ್ಕೆ ಓಡುತ್ತ ಹಿಡಿದರು. ಎದುರಿನಿಂದ ಬಂದ ಬೆಡ್ನಾರಿಕ್ ಭುಜ ಅವರ ಎದೆಗೆ ಅಪ್ಪಳಿಸಿತು. ಗಿಫರ್ಡ್ ಹಿಂದಕ್ಕೆ ಬಿದ್ದರು, ತಲೆ ಗಟ್ಟಿ ನೆಲಕ್ಕೆ ಬಡಿಯಿತು, ಚೆಂಡು ಜಾರಿತು. ಈಗಲ್ಸ್‌ನ ಚಕ್ ವೆಬರ್ ಅದರ ಮೇಲೆ ಬಿದ್ದು ವಶಪಡಿಸಿಕೊಂಡರು. ಅಲ್ಲಿಗೆ ಪಂದ್ಯ ಮುಗಿದಂತೆಯೇ. ಪ್ರಜ್ಞೆ ತಪ್ಪಿ ಬಿದ್ದ ಗಿಫರ್ಡ್ ಪಕ್ಕದಲ್ಲಿ ಬೆಡ್ನಾರಿಕ್ ಮುಷ್ಟಿ ಬೀಸುತ್ತ ನಿಂತ ಚಿತ್ರವನ್ನು ಛಾಯಾಗ್ರಾಹಕ ಜಾನ್ ಜಿ. ಝಿಮ್ಮರ್‌ಮನ್ ಸೆರೆಹಿಡಿದರು. ಬಿದ್ದವನನ್ನು ಕಂಡು ಹಿಗ್ಗಿದ್ದಾರೆ ಎಂದು ನ್ಯೂಯಾರ್ಕ್ ಸಿಟ್ಟಿಗೆದ್ದಿತು. ತಾನು ಹಿಗ್ಗಿದ್ದು ಚೆಂಡು ಸಿಕ್ಕಿದ್ದಕ್ಕೆ, ಗಿಫರ್ಡ್ ಸ್ಥಿತಿ ಗೊತ್ತಿರಲಿಲ್ಲ ಎಂದು ಬೆಡ್ನಾರಿಕ್ ಕೊನೆಯವರೆಗೂ ಹೇಳಿದರು. ಅದು ನಿಯಮಬದ್ಧ ಟ್ಯಾಕಲ್ ಎಂದು ಗಿಫರ್ಡ್ ಅವರೇ ಮತ್ತೆಮತ್ತೆ ಒಪ್ಪಿದ್ದರು. ಅವರು ಉಳಿದ ಋತುವನ್ನೂ 1961ನ್ನೂ ಕಳೆದುಕೊಂಡು, 1962ರಲ್ಲಿ ಬೇರೆ ಸ್ಥಾನದಲ್ಲಿ ಮರಳಿ, 1964ರವರೆಗೆ ಆಡಿದರು.

ಆ ಒಂದು ಟ್ಯಾಕಲ್ ಇಷ್ಟು ಪ್ರಸಿದ್ಧವಾದದ್ದಕ್ಕೆ ಅದರ ಬಲವಷ್ಟೇ ಕಾರಣವಲ್ಲ. ನಡೆದದ್ದು ಪತ್ರಿಕೆ, ಟಿವಿಗಳ ರಾಜಧಾನಿಯಲ್ಲಿ. ಬಿದ್ದವರು ಆ ಊರಿನ ಕಣ್ಮಣಿ. ಮೂರು ವಾರ ಮೊದಲಷ್ಟೇ, ಅಕ್ಟೋಬರ್ 30ರಂದು, ಸಿಬಿಎಸ್ ವಾಹಿನಿ ಸ್ಯಾಮ್ ಹಫ್ ಮೈಗೆ ಮೈಕ್ ಕಟ್ಟಿ ಚಿತ್ರಿಸಿದ್ದ ಸಾಕ್ಷ್ಯಚಿತ್ರವನ್ನು ವಾಲ್ಟರ್ ಕ್ರಾಂಕೈಟ್ ನಿರೂಪಣೆಯಲ್ಲಿ ಪ್ರಸಾರ ಮಾಡಿತ್ತು. ಲೈನ್‌ಬ್ಯಾಕರ್‌ನ ಹೊಡೆತವನ್ನು ಒಂದು ನೋಟವಾಗಿ ನೋಡಲು ಅಮೆರಿಕ ಆಗತಾನೇ ಕಲಿತಿತ್ತು. ಇದೇ ಟ್ಯಾಕಲ್ ಯಾವುದೋ ಸಣ್ಣ ಊರಿನಲ್ಲಿ ನಡೆದಿದ್ದರೆ ಇಂದು ನಮಗೆ ಅದರ ಸುದ್ದಿಯೂ ಇರುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಆಟದ ದೃಷ್ಟಿಯಿಂದ ಅದಕ್ಕಿಂತ ದೊಡ್ಡದು ಡಿಸೆಂಬರ್ 26ರದ್ದು. ಫ್ರಾಂಕ್ಲಿನ್ ಫೀಲ್ಡ್, ಬೆಡ್ನಾರಿಕ್ ಕಾಲೇಜು ದಿನಗಳಲ್ಲಿ ಆಡಿದ್ದ ಮೈದಾನ. 67,325 ಪ್ರೇಕ್ಷಕರು. ಚಾಂಪಿಯನ್‌ಷಿಪ್ ಪಂದ್ಯದಲ್ಲಿ ವಿನ್ಸ್ ಲೊಂಬಾರ್ಡಿ ಅವರ ಗ್ರೀನ್ ಬೇ ಪ್ಯಾಕರ್ಸ್ 13–17ರಿಂದ ಹಿಂದಿದ್ದರು. ಕೊನೆಯ ಕೆಲವೇ ಸೆಕೆಂಡು. ಬಾರ್ಟ್ ಸ್ಟಾರ್ ಕೊಟ್ಟ ಚಿಕ್ಕ ಪಾಸ್ ಹಿಡಿದು ಜಿಮ್ ಟೇಲರ್ ಒಬ್ಬಿಬ್ಬರನ್ನು ಕೊಡವಿಕೊಂಡು ಗೋಲಿನ ಗೆರೆಯತ್ತ ನುಗ್ಗಿದರು. ಹತ್ತು ಗಜದೊಳಗೆ ಬೆಡ್ನಾರಿಕ್ ಅವರನ್ನು ತಬ್ಬಿ ಕೆಡವಿದರು, ಕೆಡವಿದವರು ಮೇಲೇಳಲಿಲ್ಲ. ನಿಯಮ ಬದಲಾಗಿತ್ತು, ಟೇಲರ್ ಎದ್ದು ಓಡುವ ಭಯವಿರಲಿಲ್ಲ. ಭಯವಿದ್ದದ್ದು ಪ್ಯಾಕರ್ಸ್ ಮತ್ತೆ ಸಾಲುಗೂಡಿ ಇನ್ನೊಂದು ಅವಕಾಶ ಪಡೆದಾರು ಎಂದು. ಗಡಿಯಾರ ಮುಗಿಯುವವರೆಗೆ ಅವರು ಟೇಲರ್ ಮೇಲೆಯೇ ಕುಳಿತರು. ಅದುಮಿ ಹಿಡಿಯುವ ಹಳೇ ಕಾಲದ ಅಭ್ಯಾಸಕ್ಕೆ ಹೊಸ ಕಾಲದಲ್ಲಿ ಹೊಸ ಉಪಯೋಗ ಸಿಕ್ಕಿತ್ತು. ಆ ದಿನ ಅವರು 58 ನಿಮಿಷ ಆಡಿದರೆಂಬುದು ರೂಢಿಯ ಲೆಕ್ಕ. ಲೊಂಬಾರ್ಡಿ ಎನ್‌ಎಫ್‌ಎಲ್‌ನಲ್ಲಿ ಮುಖ್ಯ ಕೋಚ್ ಆಗಿ ಸೋತ ಏಕೈಕ ಚಾಂಪಿಯನ್‌ಷಿಪ್ ಪಂದ್ಯ ಅದು. ಈಗಲ್ಸ್ ಮತ್ತೆ ಚಾಂಪಿಯನ್ ಆಗಲು 2018ರ ಫೆಬ್ರವರಿ ಬರಬೇಕಾಯಿತು.

ನಿವೃತ್ತಿಯ ನಂತರದ ಬೆಡ್ನಾರಿಕ್ ಸುಲಭದ ಮನುಷ್ಯರಾಗಿರಲಿಲ್ಲ. 1967ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 1995ರಿಂದ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ರಕ್ಷಣಾ ಆಟಗಾರನಿಗೆ ಅವರ ಹೆಸರಿನ ಪ್ರಶಸ್ತಿ ಕೊಡಲಾಗುತ್ತಿದೆ. ಆದರೂ ಹೊಸ ಆಟಗಾರರ ಕೋಟಿಗಟ್ಟಲೆ ಸಂಬಳದ ಬಗ್ಗೆ, ಅರ್ಧ ಆಟವಾಡಿ ದಣಿಯುತ್ತಾರೆಂಬುದರ ಬಗ್ಗೆ ಅವರ ಕಟಕಿ ನಿಲ್ಲಲಿಲ್ಲ. ತಮ್ಮದೇ ತಂಡದ ಮಾಲೀಕರೊಂದಿಗೂ ವರ್ಷಗಟ್ಟಲೆ ಮನಸ್ತಾಪವಿತ್ತು. ಆ ಕಾಲದ ಆಟವನ್ನು ಅರಿಯಲು ಈ ಮಾತುಗಳಿಗಿಂತ ಅವರ ಕೈಗಳ ಚಿತ್ರ ಹೆಚ್ಚು ನೆರವಾಗುತ್ತದೆ. ಗಂಟುಗಂಟಾದ ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ, ಕಿರುಬೆರಳಂತೂ ನಡುವಿನ ಗೆಣ್ಣಿನಲ್ಲಿ ಸೊಟ್ಟಗೆ ತಿರುಗಿ ಅಂಗೈಯಿಂದ ಹೊರಗೆ ಚಾಚಿಕೊಂಡಿತ್ತು.

2015ರ ಮಾರ್ಚ್ 21ರಂದು, ಎಂಬತ್ತೊಂಬತ್ತನೇ ವಯಸ್ಸಿನಲ್ಲಿ, ಮರೆವಿನ ಕಾಯಿಲೆಯಿಂದ ನರಳಿ ಅವರು ತೀರಿಕೊಂಡರು. ಅದಕ್ಕೆ ಫುಟ್‌ಬಾಲೇ ಕಾರಣ ಎಂದು ಮಗಳು ಬಹಿರಂಗವಾಗಿ ಹೇಳಿದರು. ಅದೇ ವರ್ಷ ಆಗಸ್ಟ್ 9ರಂದು ಗಿಫರ್ಡ್ ಹೋದರು. ಅವರ ಮೆದುಳಿನಲ್ಲಿ ಪದೇಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ರೋಗದ ಗುರುತುಗಳು ಸಿಕ್ಕವೆಂದು ಕುಟುಂಬ ನವೆಂಬರ್‌ನಲ್ಲಿ ಪ್ರಕಟಿಸಿತು. ಇದನ್ನು ಯಾಂಕೀ ಸ್ಟೇಡಿಯಂನ ಆ ಒಂದು ಕ್ಷಣಕ್ಕೆ ಜೋಡಿಸುವ ಆಸೆ ಪತ್ರಕರ್ತರಿಗೆ ಸಹಜ, ಆದರೆ ಸರಿಯಲ್ಲ. ಸಿಟಿಇ ವರ್ಷಗಟ್ಟಲೆಯ ಪೆಟ್ಟುಗಳ ಮೊತ್ತ. ಅದರಲ್ಲಿ ಯಾರೂ ಚಿತ್ರ ತೆಗೆಯದ, ಯಾರೂ ಎಣಿಸದ ಹೊಡೆತಗಳೇ ಹೆಚ್ಚು.

2024ರಲ್ಲಿ ಬೆಡ್ನಾರಿಕ್ ಹೆಸರಿನ ಪ್ರಶಸ್ತಿ ಕೊಲರಾಡೊ ವಿಶ್ವವಿದ್ಯಾಲಯದ ಟ್ರಾವಿಸ್ ಹಂಟರ್ ಪಾಲಾಯಿತು. ಹಂಟರ್ ದಾಳಿಯಲ್ಲೂ ರಕ್ಷಣೆಯಲ್ಲೂ ಆಡುವವರು. 2025ರಲ್ಲಿ ಜ್ಯಾಕ್ಸನ್‌ವಿಲ್ ತಂಡ ಅವರನ್ನು ಎರಡನೇ ಆಯ್ಕೆಯಾಗಿ ಎತ್ತಿಕೊಂಡಿತು. ಹಾಗಾಗಿ ‘ಕೊನೆಯ’ ಎಂಬ ವಿಶೇಷಣವನ್ನು ಇನ್ನು ಬಿಡುವುದೇ ಒಳಿತು. ಆದರೆ ಹಂಟರ್ ಆಡುವುದು ಬಯಲಿನಂಚಿನಲ್ಲಿ, ಓಟಗಾರರ ನಡುವೆ. ಸೆಂಟರ್ ಮತ್ತು ಲೈನ್‌ಬ್ಯಾಕರ್ ಎರಡೂ ಆಗಿ, ಪ್ರತಿ ಆಟದಲ್ಲೂ ಮೈಗೆ ಮೈ ತಾಗುವ ನಡುಮಧ್ಯದಲ್ಲಿ, ಮೂವತ್ತೈದರ ಪ್ರಾಯದಲ್ಲಿ ತಂಡವನ್ನು ಚಾಂಪಿಯನ್ ಮಾಡಿದವರು ಬೆಡ್ನಾರಿಕ್ ನಂತರ ಎನ್‌ಎಫ್‌ಎಲ್‌ನಲ್ಲಿ ಬಂದಿಲ್ಲ.