ಮುದಗಲ್ಲಿನ ಜಪಸರ

ನಮ್ಮ ಇರಕಲ್ಲಗಡದ ಮನೆಯಲ್ಲಿ ಜಪವೆಂದರೆ ಅಜ್ಜಿಯ ರುದ್ರಾಕ್ಷಿ ಸರ: ನೂರೆಂಟು ಮಣಿ, ಒಂದೇ ನಾಮ. ಹೇಳಿದ್ದನ್ನೇ ಹೇಳುವುದರಲ್ಲಿ ಏನಿದೆಯೆಂಬ ಸಂಶಯ ನನಗೆ ಕಾಲೇಜಿನ ದಿನಗಳಲ್ಲಿ ಹುಟ್ಟಿ, ಬಹುಕಾಲ ಹಾಗೆಯೇ ಉಳಿಯಿತು. ಅದು ಕರಗಿದ್ದು ನಮ್ಮ ಮನೆಯಲ್ಲಲ್ಲ. ಮುದಗಲ್ಲಿನಲ್ಲಿ, ಒಬ್ಬ ಕಥೋಲಿಕ ಮಿತ್ರನ ಸಾವಿನ ಮನೆಯಲ್ಲಿ.

ಮುದಗಲ್ಲು ನಮಗೆ ಪರಕೀಯವಾದ ಊರಲ್ಲ. ಕುಷ್ಟಗಿ ಸೀಮೆಯನ್ನು ದಾಟಿ ಲಿಂಗಸುಗೂರು ತಾಲ್ಲೂಕಿಗೆ ಕಾಲಿಟ್ಟರೆ ಆ ಕೋಟೆಯ ಊರು ಸಿಗುತ್ತದೆ. ಅಲ್ಲಿಯ ಪುರಾತನ ಇಗರ್ಜಿಯನ್ನು ಜೆಸ್ವಿತ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿದರೆಂದು ಹೇಳುತ್ತಾರೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ನೆಲಕ್ಕಾಗಿ ವಿಜಯನಗರವೂ ಬಿಜಾಪುರವೂ ಕಾದಾಡುತ್ತಿದ್ದ ಕಾಲವದು. 1565ರ ರಕ್ಕಸತಂಗಡಿಯ ಯುದ್ಧ ಇನ್ನೂ ಮುಂದಿತ್ತು.

ಆ ದಿನ ಹೆಣದ ಸುತ್ತ ಕುಳಿತವರು ಜಪಸರ ಹೇಳುತ್ತಿದ್ದರು. ಒಬ್ಬ ಮುದುಕಿ ಪ್ರಾರ್ಥನೆಯ ಮೊದಲರ್ಧವನ್ನು ಹೇಳುವಳು. ಉಳಿದರ್ಧವನ್ನು ಮನೆಯೆಲ್ಲ ಹೇಳುವುದು. ಎಲ್ಲವೂ ಕನ್ನಡದಲ್ಲಿ. ಮುಗಿದ ಮೇಲೆ, ಇಷ್ಟೂ ಲೆಕ್ಕ ಹೇಗೆ ತಪ್ಪುವುದಿಲ್ಲವೆಂದು ಆಕೆಯನ್ನು ಕೇಳಿದೆ. "ನನಗ ಓದಾಕ ಬರಾಂಗಿಲ್ಲ ತಮ್ಮಾ. ಬೆರಳಿಗೆ ಗೊತ್ತೈತಿ," ಎಂದಳು.

ಆ ಮಾತಿನಲ್ಲಿ ಒಂದು ಚರಿತ್ರೆಯೇ ಅಡಗಿದೆಯೆಂದು ನನಗೆ ಆಮೇಲೆ ತಿಳಿಯಿತು. ಮಧ್ಯಯುಗದ ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಲ್ಯಾಟಿನ್ನಿನಲ್ಲಿ ಪಠಿಸುತ್ತಿದ್ದರು. ಓದು ಬಾರದ ಮಠದ ಸೋದರರು ಅವುಗಳಿಗೆ ಬದಲಾಗಿ ಯೇಸು ಕಲಿಸಿದ ಪ್ರಾರ್ಥನೆಯನ್ನು ಅಷ್ಟೇ ಸಲ ಹೇಳಿ, ಮಣಿಗಳಿಂದ ಎಣಿಸುತ್ತಿದ್ದರು. ಕ್ರಮೇಣ ಮರಿಯಮ್ಮನಿಗೆ ಮಾಡುವ ನಮಸ್ಕಾರವು ಆ ಸ್ಥಾನಕ್ಕೆ ಬಂದಿತು. ಸಂತೋಷ, ದುಃಖ, ಮಹಿಮೆ ಎಂದು ಮೂರು ಬಗೆಯ ರಹಸ್ಯಗಳು, ಬಗೆಗೆ ಐದರಂತೆ ಹದಿನೈದು. ಒಂದೊಂದಕ್ಕೂ ಹತ್ತು ನಮಸ್ಕಾರ. ಒಟ್ಟು ಮತ್ತೆ 150. ಜಪಸರವು ನಿರಕ್ಷರರ ಕೀರ್ತನೆಗಳ ಗ್ರಂಥ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಆದರೂ ಹಳೆಯ ಲೆಕ್ಕದ ಬೇರು ಇದೇ.

ಇಗರ್ಜಿಯ ಪೂಜೆ ಶತಮಾನಗಳ ಕಾಲ ಲ್ಯಾಟಿನ್ನಿನಲ್ಲಿಯೇ ನಡೆಯಿತು. ಅದರಲ್ಲಿ ಜನರ ನುಡಿಗೆ ಎಡೆ ದೊರೆತದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ನಿರ್ಣಯದಿಂದ. ಮನೆಯ ಜಪಸರಕ್ಕೆ ಅಂಥ ಅಪ್ಪಣೆ ಬೇಕಿರಲಿಲ್ಲ.

ಇನ್ನು ಅದರ ಕಟ್ಟಡವನ್ನು ನೋಡಬೇಕು. ಬಾಯಿ ನಮಸ್ಕಾರವನ್ನು ಹೇಳುತ್ತಿರುವಾಗ ಮನಸ್ಸು ಯೇಸುವಿನ ಜನನವನ್ನೋ ಮರಣವನ್ನೋ ಧ್ಯಾನಿಸುತ್ತಿರಬೇಕು. ಮಾತು ಒಂದೇ ಆದರೂ ಅದು ಹಾಯುವ ನೆಲ ಬೇರೆ ಬೇರೆ. ತೊಟ್ಟಿಲ ಮುಂದೆ ಹೇಳಿದ ನುಡಿಯನ್ನೇ ಶಿಲುಬೆಯ ಬುಡದಲ್ಲಿಯೂ ಹೇಳಬೇಕಾಗುತ್ತದೆ. ಅಲ್ಲಿ ಅದರ ಅರ್ಥ ಮೊದಲಿನದಾಗಿ ಉಳಿಯುವುದಿಲ್ಲ. ನಾನು ಬರಿಯ ಪುನರುಕ್ತಿಯೆಂದು ತಿಳಿದದ್ದು ಹೀಗೆ ಒಂದು ಇಡೀ ಬಾಳಿನ ಉದ್ದಕ್ಕೂ ನಡೆಯುವ ನಡಿಗೆಯಾಗಿತ್ತು.

ಆ ನಮಸ್ಕಾರಕ್ಕೂ ಎರಡು ಭಾಗ. ಮೊದಲನೆಯದು ಲೂಕನ ಸುವಾರ್ತೆಯಿಂದ ಬಂದದ್ದು: ಗಬ್ರಿಯೇಲ ದೂತನ ವಂದನೆ, ಎಲಿಸಬೇತಳ ಹರಕೆ. ಅವುಗಳ ಕೊನೆಗೆ ಯೇಸುವಿನ ಹೆಸರು. ಎರಡನೆಯ ಭಾಗ ಜನರ ಬೇಡಿಕೆ. ಇದು ಈಗಿನ ರೂಪದಲ್ಲಿ ನೆಲೆಗೊಂಡದ್ದು 1568ರ ರೋಮನ್ ಪ್ರಾರ್ಥನಾಗ್ರಂಥದಲ್ಲಿ. ಮರುವರ್ಷ ಪೋಪ್ ಐದನೆಯ ಪಿಯುಸ್ ಜಪಸರದ ಕ್ರಮವನ್ನು ಅಧಿಕೃತಗೊಳಿಸಿದರು. ಮುದಗಲ್ಲಿನಲ್ಲಿ ಆ ಧರ್ಮ ಬೇರೂರಿದ ಕಾಲಕ್ಕೂ ಈ ಪ್ರಾರ್ಥನೆ ಗಟ್ಟಿಗೊಂಡ ಕಾಲಕ್ಕೂ ಹೆಚ್ಚಿನ ಅಂತರವಿಲ್ಲ.

ಬೇಡಿಕೆಯಾದರೂ ಎಷ್ಟು? ಎರಡೇ ಗಳಿಗೆಗಳಲ್ಲಿ ತಾಯಿ ತಮಗಾಗಿ ಪ್ರಾರ್ಥಿಸಲೆಂದು ಕೇಳುತ್ತಾರೆ: ಈಗ, ಮತ್ತು ಸಾಯುವಾಗ. ಬೆಳೆಯ ಮಾತಿಲ್ಲ, ಹಣದ ಮಾತಿಲ್ಲ, ನಾಳೆಯ ಮಾತೂ ಇಲ್ಲ. ದಿನ ಕಳೆದಂತೆ ಆ ಎರಡು ಗಳಿಗೆಗಳು ಹತ್ತಿರ ಹತ್ತಿರ ಬರುತ್ತವೆ. ಕಡೆಗೊಂದು ದಿನ ಎರಡೂ ಒಂದಾಗುತ್ತವೆ. ನನ್ನ ಮಿತ್ರನಿಗೆ ಅಂದು ಬೆಳಗ್ಗೆ ಒಂದಾಗಿದ್ದವು. ಸುತ್ತ ಕುಳಿತ ನಮಗೆ ಇನ್ನೂ ಬೇರೆಯಾಗಿದ್ದವು.

ಇದು ಕೊಪ್ಪಳ ನಾಡಿಗೆ ಹೊಸ ವಿಚಾರವಲ್ಲ. ಕೊಪ್ಪಳ ಜೈನರ ಮಹಾತೀರ್ಥವಾಗಿತ್ತು. ಪಾಲ್ಕಿಗುಂಡಿನ ಬೆಟ್ಟದಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದ್ದಾನೆ. ಸಲ್ಲೇಖನ ವ್ರತದಿಂದ ದೇಹ ಬಿಡುವವರು ಕೊನೆಯವರೆಗೆ ಪಂಚನಮಸ್ಕಾರವನ್ನು ನೆನೆಯುತ್ತಿದ್ದರು. ಜೈನರ ತತ್ತ್ವ ಬೇರೆ, ಕ್ರೈಸ್ತರದು ಬೇರೆ, ನಮ್ಮ ಅಜ್ಜಿಯದು ಇನ್ನೂ ಬೇರೆ. ಮೂರೂ ಒಂದೇ ಎಂದು ನಾನು ಹೇಳಲಾರೆ. ಆದರೆ ಕೊನೆಗೆ ಬೇಕಾಗುವ ಮಾತನ್ನು ಬಾಳಿನುದ್ದಕ್ಕೂ ರೂಢಿ ಮಾಡಿಕೊಂಡಿರಬೇಕೆಂಬುದನ್ನು ಮೂವರೂ ಬಲ್ಲರು.

ಅಜ್ಜಿಯ ಕಡೆಯ ವಾರದಲ್ಲಿ ಮಾತು ನಿಂತಿತ್ತು. ಸರವನ್ನು ಕೈಯಿಂದ ತೆಗೆದಿಟ್ಟಿದ್ದೆವು. ಆದರೂ ಆಕೆಯ ಹೆಬ್ಬೆರಳು ತೋರುಬೆರಳಿನ ಮೇಲೆ ಒಂದೇ ಸಮನೆ ಸರಿಯುತ್ತಿತ್ತು. ರೋಗದ ಲಕ್ಷಣವೆಂದುಕೊಂಡು ನಾನು ಆ ಕೈಯನ್ನು ಹಿಡಿದು ನಿಲ್ಲಿಸಿದ್ದೆ. ಬೆರಳಿಗೆ ಗೊತ್ತಿತ್ತೆಂಬುದು ನನಗೆ ಗೊತ್ತಿರಲಿಲ್ಲ.