ಚಕ್ಕಡಿಯಿಂದ ಪಿಕಪ್‌ವರೆಗೆ: ಕಮಾನು ಪಟ್ಟಿಯ ಕಥೆ
ಅಣ್ಣಿಗೇರಿಯಿಂದ ಟ್ರೇಲರ್‌ನ್ಯಾಗ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೊರಟಿದ್ದೆ. ಕೊಂಡಿಯ ಮೇಲೆ ಭಾರ ಬಿದ್ದು ಪಿಕಪ್‌ನ ಹಿಂಭಾಗ ಕುಸೀತು, ಸ್ಟೀರಿಂಗ್ ಹಗುರಾತು.

ಅಜ್ಜನ ಚಕ್ಕಡಿ ನೆನಪಾತು. ನವಲಗುಂದದ ಎರಿ ಹೊಲದಾಗ ಓಡಾಡಿದ ಆ ಬಂಡಿಗೆ ಸ್ಪ್ರಿಂಗೇ ಇರಲಿಲ್ಲ. ಹಿಂದೆ ಭಾರವಾದರೆ ನೊಗ ಮೇಲೇಳತಿತ್ತು. ಅಜ್ಜ ಹೇರು ಮುಂದೆ ಸರಿಸತಿದ್ದ.

ಉಕ್ಕಿನ ಕಮಾನು ಪಟ್ಟಿ ಯುರೋಪಿನ ಕುದುರೆ ಸಾರೋಟಿನಿಂದ ಮೋಟಾರಿಗೆ ಬಂತು. ಮಹೀಂದ್ರ ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿಗೂ ಅದೇ ಆಸರೆ. ಇವತ್ತಿನ ಹೆಚ್ಚಿನ ಪಿಕಪ್‌ಗಳ ಹಿಂದೂ ಅದೇ.

ಸವೆದ ಪಟ್ಟಿ, ಬುಷ್, ಶಾಕ್ ಅಬ್ಸಾರ್ಬರ್ ಬದಲಿಸಿ, ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿದೆ. ಗಾಡಿ ಎತ್ತರ ನಿಂತದ್ದು ಖರೆ. ಆದರೆ ಆಕ್ಸಲ್, ಬ್ರೇಕು ಮೊದಲಿನವೇ. ಅವುಗಳ ತಾಕತ್ತು ಹೆಚ್ಚಲಿಲ್ಲ. ಅದಕ್ಕೇ ಹತ್ತಿ ಕಡಿಮೆ ಮಾಡಿ, ಉಳಿದದ್ದನ್ನು ಟ್ರೇಲರ್ ಅಚ್ಚಿನ ಸಮೀಪ ಸರಿಸಿದೆ, ಅಜ್ಜನ ಹಾಂಗ.